ಹಿರಿಯ ಮಗುವೂ ಮಗುವೇ

ತಾಯಂದಿರೇ, ಸೊರಬದ ಸೀಮೆಯಲ್ಲಿ ಮಳೆ ಹಿಡಿದು ಭತ್ತದ ನಾಟಿ ಮೊದಲಾದೊಡನೆ, ಎಂಟು ವರ್ಷದ ಹುಡುಗಿಯೊಬ್ಬಳು ತಮ್ಮನನ್ನು ಸೊಂಟಕ್ಕೇರಿಸಿಕೊಂಡು, ಭಾರಕ್ಕೆ ಒಂದು ಮಗ್ಗುಲಿಗೆ ವಾಲುತ್ತ, ಶಾಲೆಗೆ ಹೊರಟ ಗೆಳತಿಯರನ್ನು ಜಗಲಿಯಿಂದಲೇ ನೋಡುತ್ತ ನಿಂತಿರುವುದನ್ನು ಕಂಡು ನನ್ನ ಮನಸ್ಸು ನೊಂದಿದೆ. ಮೂರು ನಾಲ್ಕು ಮಕ್ಕಳಿರುವ ಮನೆಯಲ್ಲಿ ‘ನೀನು ದೊಡ್ಡವಳಲ್ಲವೇ’ ಎಂಬ ಒಂದೇ ಮಾತಿನಿಂದ ಆಕೆಯ ಬಾಲ್ಯವನ್ನು ಕಸಿದುಕೊಳ್ಳುವ ಪ್ರಮಾದವು ನಮಗರಿವಿಲ್ಲದೆಯೇ ಸಂಭವಿಸುತ್ತದೆ. 6ರಿಂದ 14 ವರ್ಷದ ಮಕ್ಕಳೆಲ್ಲರಿಗೂ ಶಿಕ್ಷಣವು ಹಕ್ಕೆಂದು 2009ರ ಕಾಯಿದೆಯೇ ಸಾರಿದೆ. ಹಿರಿಯವಳು ಶಾಲೆಗೆ ಹೋದರೆ ಕಿರಿಯರನ್ನು ನೋಡಿಕೊಳ್ಳುವವರಾರು ಎನ್ನುವಿರಾ? ಮೂರು ತುಂಬಿದ ಕೂಸಿಗೆ ಅಂಗನವಾಡಿಯುಂಟು. ಅದಕ್ಕಿಂತ ಎಳೆಯ ಮಕ್ಕಳನ್ನು ನೆರೆಹೊರೆಯ ಹೆಂಗಸರು ದಿನಕ್ಕೊಬ್ಬರಂತೆ ಸರದಿಯಲ್ಲಿ ನೋಡಿಕೊಳ್ಳಬಹುದು. ಕೆರೆ, ತೆರೆದ ಬಾವಿಗಳಿರುವ ಊರಿನಲ್ಲಿ ಒಂದು ಕೂಸಿನ ಕಾವಲನ್ನು ಮತ್ತೊಂದಕ್ಕೆ ಒಪ್ಪಿಸಲೇಬೇಡಿರಿ. ಸಂಜೆ ಗದ್ದೆಯಿಂದ ಬಂದಾಗ, ಕಿರಿಯವನು ಅತ್ತರೂ ಅತ್ತುಕೊಳ್ಳಲಿ, ಮೊದಲು ಹಿರಿಯವಳನ್ನು ಬಳಿಗೆ ಕರೆದು ಶಾಲೆಯ ಸುದ್ದಿ ಕೇಳಿರಿ.