ಚೈನ್ ಇನ್ನೂ ಗಟ್ಟಿ ಐತಿ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನ್ ಹರಿದು ಗೇಟೇ ಕೊಚ್ಚಿಹೋಯಿತು. ಎಡದಂಡೆ ಕಾಲುವೆ ನಂಬಿದ ನಮ್ಮ ಸಿದ್ದಾಪುರದಲ್ಲಿ ನಾಟಿ ಮಾಡಿದವರೆಲ್ಲ ಟಿವಿ ಮುಂದೆ ಕೂತರು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ವಾರದೊಳಗೆ ಆ ಜಾಗಕ್ಕೆ ತಾತ್ಕಾಲಿಕ ಗೇಟು (ಸ್ಟಾಪ್‌ಲಾಗ್) ಇಳಿಸಿತು, ಆ ಬೆಳೆ ಉಳಿಯಿತು. ಆದರೆ ಹರಿದದ್ದು ಒಂದೇ ಚೈನ್ ಆದರೂ 33 ಗೇಟುಗಳಿಗೂ 70 ವರ್ಷ ತುಂಬಿತ್ತು. ಎಲ್ಲವನ್ನೂ ಬದಲಿಸಲೆಂದು 2025-26ರ ಎರಡನೇ ಬೆಳೆಗೆ ನೀರು ನಿಂತಿತು.

ನೀರಿಲ್ಲದಿದ್ದರೆ ಭತ್ತ ಬೆಳೆಯುವವನ ಜೊತೆಗೆ ಕೊಯ್ಯುವ ಮಷಿನ್ ಇಟ್ಟವನೂ ಖಾಲಿ. ನಾನೂ ತಮ್ಮನೂ ಪಾಲಿನಲ್ಲಿ ಒಂದು ಇಟ್ಟಿದ್ದೇವೆ. ಮಷಿನ್ ನಿಂತರೂ ಸಾಲದ ಕಂತು ನಿಲ್ಲುವುದಿಲ್ಲ.

ಮಷಿನ್ ತಂದ ವರ್ಷದಿಂದ ನಮ್ಮದೊಂದು ಕಟ್ಟುಪಾಡಿದೆ. ಓಡಿದ ಪ್ರತಿ ಗಂಟೆಯ ಬಾಡಿಗೆಯಲ್ಲಿ 100 ರೂಪಾಯಿ ಪಿಗ್ಮಿಗೆ. ಡೀಸೆಲ್ಲಿಗಾಗಲಿ ಡ್ರೈವರ್ ಬತ್ತೆಗಾಗಲಿ ಅದನ್ನು ಮುಟ್ಟುವಂತಿಲ್ಲ. ಅದು ಚೈನು, ಬೇರಿಂಗು, ಬೆಲ್ಟುಗಳ ದುಡ್ಡು. ಸುಗ್ಗಿಯಲ್ಲಿ ದಿನಾ ಸಂಜೆ ಪಿಗ್ಮಿಯವನು ಬಾಗಿಲಿಗೇ ಬರುತ್ತಾನೆ, ಹಾಗಾಗಿ ಜೇಬಿನಲ್ಲಿಟ್ಟು ಕರಗಿಸುವ ಪ್ರಶ್ನೆಯಿಲ್ಲ.

ಫೀಡರ್ ಚೈನ್ ನೋಡಿ ಡ್ರೈವರ್ ಪ್ರತಿ ಸಲ ಹೇಳುವುದು ಒಂದೇ: "ಅಣ್ಣಾರ, ಇನ್ನೂ ಗಟ್ಟಿ ಐತಿ, ಇನ್ನೊಂದು ಸುಗ್ಗಿ ಬರ್ತೈತಿ." ಎಣ್ಣೆ ಹಚ್ಚಿದ ಚೈನ್ ಕಣ್ಣಿಗೆ ಹೊಸದರಂತೆಯೇ ಹೊಳೆಯುತ್ತದೆ. ಸವೆಯುವುದು ಒಳಗಿನ ಪಿನ್ನು. ಟೇಪ್ ಹಿಡಿದು ಅಳೆಯಬೇಕು: ಹೊಸ ಚೈನಿನ ಅಳತೆಗಿಂತ ನೂರಕ್ಕೆ ಎರಡು-ಮೂರು ಪಾಲು ಉದ್ದವಾಗಿದ್ದರೆ ಅದರ ಕಾಲ ಮುಗಿಯಿತು. ಪಕ್ಕಪಕ್ಕದಲ್ಲಿ ಓಡುವವುಗಳಲ್ಲಿ ಒಂದನ್ನೇ ಬದಲಿಸಿದರೆ ಉದ್ದ ಹೊಂದುವುದಿಲ್ಲ, ಭಾರವೆಲ್ಲ ಹೊಸದರ ಮೇಲೆ. ಹಲ್ಲು ಸವೆದ ಸ್ಪ್ರಾಕೆಟ್ ಹಾಗೇ ಬಿಟ್ಟರೆ ಅದೂ ಹೊಸ ಚೈನನ್ನು ತಿನ್ನುತ್ತದೆ. ಅರ್ಧ ಉಳಿಸುವ ಈ ಜಿಪುಣತನದಲ್ಲಿ ಎರಡು ಸಲ ಕೂಲಿ ಕೊಡಬೇಕಾಗುತ್ತದೆ.

ಹರಿದರೆ ಆಗುವ ನಷ್ಟದಲ್ಲಿ ಚೈನಿನ ಬೆಲೆ ತೀರಾ ಸಣ್ಣದು. ತೆನೆ ಬಾಗಿದ ಗದ್ದೆ, ಮೇಲೆ ಮೋಡ. ರೈತ ಎಷ್ಟು ಹೊತ್ತು ಕಾಯ್ತಾನೆ? ಬೇರೆಯವರ ಮಷಿನ್ ಕರೆಸುತ್ತಾನೆ, ಮುಂದಿನ ಸುಗ್ಗಿಗೂ ಅವರನ್ನೇ.

ಈ ಖಾಲಿ ಬೇಸಿಗೆಯಲ್ಲಿ ಮೆಕ್ಯಾನಿಕ್ ಕೂಡ ಬಿಡುವಾಗಿದ್ದ. ಚೈನು, ಸ್ಪ್ರಾಕೆಟ್ ಎಲ್ಲ ಒಟ್ಟಿಗೆ ಬದಲಿಸಿದೆವು. "ಉಳಿದ ಪಿಗ್ಮಿ ದುಡ್ಡಲ್ಲಿ ಈ ಸಲದ ಕಂತು ಕಟ್ಟೋಣ" ಎಂದ ತಮ್ಮ. ನಾನು ಒಪ್ಪಲಿಲ್ಲ. ದರ ಏರಲಿ ಎಂದು ಮನೆಯಲ್ಲಿಟ್ಟಿದ್ದ ಮುಂಗಾರಿನ ಸೋನಾ ಮಸೂರಿಯನ್ನು ಕಾರಟಗಿಗೆ ಒಯ್ದು, ಅಂದಿನ ದರಕ್ಕೇ ಮಾರಿ ಕಂತು ಕಟ್ಟಿದೆವು. ಅವನಿಗೆ ಇನ್ನೂ ಸಿಟ್ಟಿದೆ.