ಗುಡ್ಡದ ಮೇಲಿನ ಕಲ್ಲು

ನಾವು ಸೌದೆಗೆಂದು, ಸೊಪ್ಪಿಗೆಂದು ಕಾಡಿಗೆ ಹೋಗುತ್ತೇವೆ. ಎರಡು ದಿನ ಸುಮ್ಮನೆ ಇದ್ದು ಬರಲು ಕಾಡಿಗೆ ಹೋಗುವವರೂ ಇದ್ದಾರೆ.

ಅಮೆರಿಕ ದೇಶದಲ್ಲಿ ವಿಸ್ಕಾನ್ಸಿನ್ ಎಂಬ ರಾಜ್ಯವಿದೆ. ಅಲ್ಲಿ ಎರಡು ನದಿಗಳು ಸೇರುತ್ತವೆ. ಸಂಗಮದ ಪಕ್ಕದಲ್ಲಿ 500 ಅಡಿ ಎತ್ತರದ ಗುಡ್ಡ. ಗುಡ್ಡದ ತುಂಬ ಮರಗಳು. ಇದರ ಹೆಸರು ವಯಲೂಸಿಂಗ್. 1917ರಲ್ಲಿ ಅಲ್ಲಿನ ಸರ್ಕಾರ ಇದನ್ನು ಉದ್ಯಾನ ಮಾಡಿತು.

ಜನ ಬಂದು ಇಲ್ಲಿ ಗುಡಾರ ಹಾಕುತ್ತಾರೆ. ಬೆಂಕಿ ಹಾಕಿ ಅಡುಗೆ ಮಾಡುತ್ತಾರೆ. ರಾತ್ರಿ ಗಲಾಟೆ ಮಾಡುವ ಹಾಗಿಲ್ಲ. ದೂರದ ಊರಿನ ಸೌದೆಯನ್ನೂ ತರುವ ಹಾಗಿಲ್ಲ. ಯಾಕೆ? ಸೌದೆಯೊಳಗೆ ಹುಳು ಇದ್ದರೆ ಇಲ್ಲಿನ ಮರಗಳಿಗೂ ಹತ್ತುತ್ತದೆ. ಮರಗಳು ಒಣಗುತ್ತವೆ.

ಇಷ್ಟು ಎಚ್ಚರ ಏಕೆ ಬೇಕು? ಗುಡ್ಡದ ಮೇಲೆ ಒಂದು ಕಲ್ಲು ಇದೆ. ಅದೇ ಉತ್ತರ ಹೇಳುತ್ತದೆ. ಒಂದು ಜಾತಿಯ ಕಾಡು ಪಾರಿವಾಳದ ನೆನಪಿಗೆ 1947ರಲ್ಲಿ ಅದನ್ನು ನಿಲ್ಲಿಸಿದರು.

ಆ ಪಾರಿವಾಳಗಳ ಹಿಂಡು ಹಾರಿದರೆ ಬಿಸಿಲೇ ಮರೆಯಾಗುತ್ತಿತ್ತು. ಇಷ್ಟೊಂದು ಇವೆಯಲ್ಲ, ಎಲ್ಲಿ ಮುಗಿದಾವು ಅಂದುಕೊಂಡರು ಜನ. ಬಲೆ ಹಾಕಿ ಹಿಡಿದರು. ಬಂದೂಕಿನಿಂದ ಹೊಡೆದರು. ರೈಲಿನಲ್ಲಿ ಪೇಟೆಗೆ ಕಳಿಸಿ ಮಾರಿದರು. ಅವು ಗೂಡು ಕಟ್ಟುವ ಕಾಡನ್ನೂ ಕಡಿದರು. 1914ರಲ್ಲಿ ಕೊನೆಯ ಹಕ್ಕಿ ಮೃಗಾಲಯದಲ್ಲಿ ಸತ್ತಿತು. ಈಗ ಕಲ್ಲು ಇದೆ, ಹಕ್ಕಿ ಇಲ್ಲ.

ಅಕ್ಕಂದಿರೇ, ಊರಿನ ಹೊಳೆ, ಗುಡ್ಡ, ತೋಪು ಯಾರದು? ಎಲ್ಲರದು. ಎಲ್ಲರದು ಅಂದರೆ ಯಾರದೂ ಅಲ್ಲ ಅಂತ ಬಿಡಬಾರದು. ಇರುವಾಗಲೇ ಕಾಯೋಣ.

ಮೊದಲು ನಿಮ್ಮ ಊರಿನಲ್ಲಿದ್ದು ಈಗ ಕಾಣದ ಹಕ್ಕಿ ಯಾವುದು? ಅದರ ಹೆಸರು ಬರೆಯಿರಿ.