ಬೂಟಿನೊಳಗಿನ ಗುಟ್ಟು

ರಾಜಾಜಿನಗರದಲ್ಲಿಯೋ ವಿಜಯನಗರದಲ್ಲಿಯೋ ಬೆಳೆದ ತರುಣನೊಬ್ಬನು ಸೇನಾಧಿಕಾರಿಯಾಗುವ ಹಂಬಲದಿಂದ ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿಯನ್ನು ಸೇರುತ್ತಾನೆ ಎಂದಿಟ್ಟುಕೊಳ್ಳಬಹುದು. 1963ರಲ್ಲಿ ಆರಂಭವಾದ ಈ ಸಂಸ್ಥೆಯಲ್ಲಿ 1992ರಿಂದ ತರುಣಿಯರೂ ತರಬೇತಿ ಪಡೆಯುತ್ತಿದ್ದಾರೆ. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಮೈ ಬೆವರಿದರೂ ಬೇಗ ಆರುತ್ತದೆ. ಕಡಲತೀರದ ಚೆನ್ನೈಯಲ್ಲಿ ಗಾಳಿಯೇ ತೇವವಾಗಿರುವುದರಿಂದ ಬೆವರು ಆರದೆ ಬಟ್ಟೆಯಲ್ಲಿ ಉಳಿಯುತ್ತದೆ. ನಸುಕಿನ ವ್ಯಾಯಾಮ, ಕವಾಯತು, ಬೆನ್ನಮೇಲೆ ಹೊರೆಹೊತ್ತ ಓಟ ಇವುಗಳ ನಡುವೆ ಬೂಟು ಕಳಚಲು ಬಿಡುವು ದೊರೆಯುವುದು ಅಪರೂಪ.

ಕೆಲವು ವಾರಗಳು ಕಳೆಯುವಷ್ಟರಲ್ಲಿ ಕಾಲ್ಬೆರಳುಗಳ ಸಂದಿಯಲ್ಲಿ ಚರ್ಮ ಬೆಳ್ಳಗೆ ಮೆತ್ತಗಾಗಿ ಸುಲಿಯುತ್ತದೆ. ತೊಡೆಯ ಸಂದಿಯಲ್ಲಿ ಕೆಂಪಗಿನ ಬಳೆಯಾಕಾರದ ಗುರುತು ಮೂಡಿ, ಅಂಚಿನಲ್ಲಿ ಹಬ್ಬುತ್ತ ಹೋಗುತ್ತದೆ. ಇದನ್ನೇ ನಮ್ಮ ಜನ ಗಜಕರ್ಣವೆಂದೂ ಹುಳುಕಡ್ಡಿಯೆಂದೂ ಕರೆಯುವುದುಂಟು. ಹೆಸರಿನಲ್ಲಿ ಹುಳುವಿದೆಯೇ ಹೊರತು ರೋಗದಲ್ಲಿ ಯಾವ ಹುಳುವೂ ಇಲ್ಲ. ತೇವವಾದ ಬ್ರೆಡ್ಡಿನ ಮೇಲೆ ಬೆಳೆಯುವ ಬೂಷ್ಟಿನ ಬಳಗಕ್ಕೆ ಸೇರಿದ ಶಿಲೀಂಧ್ರವೇ ಇದಕ್ಕೆ ಕಾರಣ. ಅದು ಚರ್ಮದ ಹೊರಪದರದಲ್ಲಿರುವ ಕೆರಾಟಿನ್ ಎಂಬ ಪದಾರ್ಥವನ್ನು ಉಂಡು ಬೆಳೆಯುತ್ತದೆ.

ರೋಗ ಅಷ್ಟೇನೂ ಭಯಂಕರವಲ್ಲ. ಅದನ್ನು ಮುಚ್ಚಿಡುವುದರಿಂದಲೇ ಕಷ್ಟ ಆರಂಭವಾಗುವುದು. ತರಬೇತಿಯ ಬಹಳ ದಿನಗಳನ್ನು ತಪ್ಪಿಸಿಕೊಂಡ ಕೆಡೆಟ್ಟನನ್ನು ಹಿಂದಿನ ತಂಡಕ್ಕೆ ಇಳಿಸುವ ಪದ್ಧತಿಯುಂಟು. ಜೊತೆಯವರು ಹೆಗಲ ಮೇಲೆ ನಕ್ಷತ್ರ ಧರಿಸಿ ಹೊರಡುವಾಗ ತಾನು ಹಿಂದೆ ಉಳಿಯಬೇಕಾದೀತೆಂಬ ಭಯ ಸಾಮಾನ್ಯವಾದುದಲ್ಲ. ಅದರ ಜೊತೆಗೆ, ತುರಿಕೆಗೆಲ್ಲ ವೈದ್ಯರ ಬಳಿಗೆ ಓಡಿದನೆಂದು ಗೆಳೆಯರು ನಗುವರೆಂಬ ನಾಚಿಕೆ ಬೇರೆ. ಆದುದರಿಂದ ಅವನು ಯಾರದೋ ಪೆಟ್ಟಿಗೆಯಲ್ಲಿದ್ದ ಮುಲಾಮನ್ನು ಗುಟ್ಟಾಗಿ ಹಚ್ಚಿಕೊಳ್ಳುತ್ತಾನೆ. ಎರಡೇ ದಿನಗಳಲ್ಲಿ ತುರಿಕೆ ಅಡಗುತ್ತದೆ, ಕೆಂಪು ಮಾಸುತ್ತದೆ. ಹೀಗೆ ಥಟ್ಟನೆ ಗುಣ ತೋರುವ ಅನೇಕ ಮುಲಾಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಅದು ಉರಿಯನ್ನು ಅಡಗಿಸುವುದೇ ಹೊರತು ಶಿಲೀಂಧ್ರವನ್ನು ಕೊಲ್ಲುವುದಿಲ್ಲ. ಶತ್ರುವನ್ನು ತಡೆಯಬೇಕಾದ ದೇಹದ ಕಾವಲನ್ನೇ ಅದು ಮಲಗಿಸಿಬಿಡುತ್ತದೆ. ಮುಲಾಮು ನಿಲ್ಲಿಸಿದೊಡನೆ ರೋಗ ಇಮ್ಮಡಿಯಾಗಿ ಹಬ್ಬುತ್ತದೆ. ಔಷಧಕ್ಕೆ ಸುಲಭವಾಗಿ ಬಗ್ಗದ ಗಜಕರ್ಣ ಈಚಿನ ವರ್ಷಗಳಲ್ಲಿ ಭಾರತದಲ್ಲೆಲ್ಲ ಹೆಚ್ಚಿರುವುದಕ್ಕೆ ಇಂತಹ ಮುಲಾಮುಗಳ ದುರ್ಬಳಕೆಯೂ ಒಂದು ಕಾರಣವೆಂದು ಚರ್ಮವೈದ್ಯರು ಹೇಳುತ್ತಾರೆ. ಕೆರೆದು ಬಿರುಕುಬಿಟ್ಟ ಚರ್ಮದ ಮೂಲಕ ಬ್ಯಾಕ್ಟೀರಿಯಾಗಳು ಒಳಹೊಕ್ಕರೆ ಕಾಲು ಊದಿ ಜ್ವರ ಬರುವುದೂ ಉಂಟು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಗುವುದು ಹೀಗೆಯೇ.

ಬೆಳಗ್ಗೆ 'ಸಿಕ್ ರಿಪೋರ್ಟ್' ಪಟ್ಟಿಯಲ್ಲಿ ಹೆಸರು ಬರೆಯಿಸಿ ವೈದ್ಯರ ಮುಂದೆ ನಿಲ್ಲುವುದಕ್ಕೆ ಕೆಲವು ನಿಮಿಷಗಳು ಸಾಕು. ಗುರುತು ಮೊದಲು ಎಲ್ಲಿ, ಯಾವಾಗ ಕಾಣಿಸಿತು, ಕೋಣೆಯಲ್ಲಿ ಬೇರೆಯವರಿಗೂ ಇದೆಯೇ, ಈವರೆಗೆ ಏನನ್ನು ಹಚ್ಚಲಾಯಿತು ಎಂಬುದನ್ನು ಮರೆಮಾಚದೆ ತಿಳಿಸಬೇಕು. ಹಚ್ಚಿದ ಮುಲಾಮಿನ ಕೊಳವೆಯನ್ನೇ ತೋರಿಸುವುದು ಇನ್ನೂ ಒಳ್ಳೆಯದು. ಸಂದೇಹವಿದ್ದರೆ ವೈದ್ಯರು ಚರ್ಮದ ಹೊಟ್ಟನ್ನು ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿಟ್ಟು ಸೂಕ್ಷ್ಮದರ್ಶಕದ ಕೆಳಗೆ ನೋಡುತ್ತಾರೆ; ಶಿಲೀಂಧ್ರದ ಎಳೆಗಳು ಅಲ್ಲಿ ಕಾಣುತ್ತವೆ. ಗುರುತು ಮಾಸಿದ ಮೇಲೂ ವೈದ್ಯರು ಹೇಳಿದಷ್ಟು ದಿನ ಔಷಧವನ್ನು ಮುಂದುವರಿಸಬೇಕು. ಟವೆಲನ್ನು ಯಾರಿಗೂ ಕೊಡಬಾರದು, ಯಾರಿಂದಲೂ ಪಡೆಯಬಾರದು. ಒಳಬಟ್ಟೆ, ಕಾಲುಚೀಲಗಳನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಬೇಕು.

ಪಾದದ ಆರೈಕೆಯನ್ನು ಸೇನೆಗಳು ಕಲಿತದ್ದು ಬಹಳ ಬೆಲೆ ತೆತ್ತು. ಮೊದಲನೆಯ ಮಹಾಯುದ್ಧದಲ್ಲಿ, 1914-15ರ ಚಳಿಗಾಲದಲ್ಲಿ, ಫ್ರಾನ್ಸ್ ಮತ್ತು ಬೆಲ್ಜಿಯಂನ ಕಂದಕಗಳಲ್ಲಿ ಸೈನಿಕರು ದಿನಗಟ್ಟಲೆ ಕೆಸರುನೀರಿನಲ್ಲಿ ನಿಂತರು. ಭಾರತೀಯ ಸೈನಿಕರೂ ಅವರಲ್ಲಿದ್ದರು. ಅಲ್ಲಿ ಕಾಡಿದ್ದು ಶಿಲೀಂಧ್ರವಲ್ಲ. ಚಳಿ ಮತ್ತು ತೇವದಿಂದ ರಕ್ತದ ಹರಿವು ಕುಗ್ಗಿ ಪಾದಗಳು ಮರಗಟ್ಟಿದವು; ಕೆಲವರ ಬೆರಳುಗಳನ್ನೇ ಕತ್ತರಿಸಬೇಕಾಯಿತು. ಆ ಒಂದು ಚಳಿಗಾಲದಲ್ಲಿಯೇ ಬ್ರಿಟಿಷ್ ಸೇನೆಯ 20,000ಕ್ಕೂ ಹೆಚ್ಚು ಮಂದಿ ಇದಕ್ಕಾಗಿ ಚಿಕಿತ್ಸೆ ಪಡೆದರು. ಅನಂತರ ಹೊಸ ಕ್ರಮ ಜಾರಿಗೆ ಬಂದಿತು. ಸೈನಿಕರು ಇಬ್ಬಿಬ್ಬರಾಗಿ ಒಬ್ಬರ ಪಾದವನ್ನೊಬ್ಬರು ಒರೆಸಿ, ತಿಮಿಂಗಿಲದ ಎಣ್ಣೆ ತಿಕ್ಕಿ, ಒಣಗಿದ ಕಾಲುಚೀಲ ಹಾಕಿಕೊಳ್ಳಬೇಕು. ಅದು ಸರಿಯಾಗಿ ನಡೆಯಿತೇ ಎಂಬುದಕ್ಕೆ ತುಕಡಿಯ ಅಧಿಕಾರಿಯೇ ಹೊಣೆ. ಬಗ್ಗಿ ಕುಳಿತು, ಲಾಂದ್ರದ ಬೆಳಕಿನಲ್ಲಿ, ಸಾಲಾಗಿ ಬೂಟು ಕಳಚಿದ ಸೈನಿಕರ ಬರಿಗಾಲುಗಳನ್ನು ಒಂದೊಂದಾಗಿ ನೋಡುವುದು ಅಧಿಕಾರಿಯ ಕರ್ತವ್ಯಗಳಲ್ಲಿ ಒಂದಾಯಿತು.